ಪರೀಕ್ಷೆಯ ನೀರು ಎಲ್ಲಿಗೆ ಬೀಳುತ್ತದೆ?

ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಸ್ಪ್ರಿಂಕ್ಲರ್ ಎಂದರೆ ಶೇಂಗಾ ಹೊಲದ ನಡುವೆ ನಿಂತು ಸುತ್ತಲೂ ನೀರು ಚಿಮ್ಮುವ ನಳಿಕೆ. ಎತ್ತರದ ಕಟ್ಟಡಗಳಲ್ಲಿ ಅದೇ ಹೆಸರಿನ ಇನ್ನೊಂದು ವಸ್ತುವಿದೆ. ಚಾವಣಿಯಿಂದ ಬೆರಳುದ್ದ ಇಳಿಬಿದ್ದಿರುವ, ತುದಿಯಲ್ಲಿ ಹಲ್ಲುಹಲ್ಲಾದ ಬಿಲ್ಲೆಯಿರುವ ಲೋಹದ ತುಣುಕು ಅದು. ಹೊಲದ ಸ್ಪ್ರಿಂಕ್ಲರ್ ದಿನವೂ ದುಡಿಯಬೇಕು. ಚಾವಣಿಯದ್ದು ಕಟ್ಟಡದ ಆಯುಷ್ಯದಲ್ಲಿ ಒಮ್ಮೆಯೂ ದುಡಿಯುವ ಪ್ರಸಂಗ ಬಾರದಿರಲಿ ಎಂದೇ ಎಲ್ಲರೂ ಬಯಸುತ್ತಾರೆ. ಆದರೆ ಬೆಂಕಿ ಬಿದ್ದ ದಿನ ಅದು ಕೈಕೊಡಬಾರದು. ಆ ಭರವಸೆ ಬರುವುದು ಪರೀಕ್ಷೆಯಿಂದ, ಪರೀಕ್ಷೆಗೆ ನೀರು ಹರಿಸಲೇಬೇಕು. ಹೀಗೆ ಹರಿಸಿದ ನೀರಿನಲ್ಲಿ ಬಹುಪಾಲು ಬೆಂಕಿಯ ಮುಖವನ್ನೇ ಕಾಣದೆ ಚರಂಡಿ ಸೇರುತ್ತದೆ.

ಸ್ಪ್ರಿಂಕ್ಲರ್‌ನ ಬಾಯಿಯನ್ನು ಒಂದು ಪುಟ್ಟ ಗಾಜಿನ ಬುರುಡೆ ಮುಚ್ಚಿ ಹಿಡಿದಿರುತ್ತದೆ. ಅದರೊಳಗಿನ ದ್ರವ ಬಿಸಿಗೆ ಹಿಗ್ಗಿ ಬುರುಡೆಯನ್ನು ಒಡೆಯುತ್ತದೆ. ಬುರುಡೆಯ ಬಣ್ಣ ನೋಡಿದರೆ ಅದು ಎಷ್ಟು ಬಿಸಿಗೆ ಒಡೆಯುತ್ತದೆಂದು ತಿಳಿಯುತ್ತದೆ: ಕೆಂಪಾದರೆ 68 ಡಿಗ್ರಿ ಸೆಲ್ಸಿಯಸ್, ಹಳದಿಯಾದರೆ 79, ಹಸಿರಾದರೆ 93. ಸಿನಿಮಾದಲ್ಲಿ ತೋರಿಸುವಂತೆ ಇಡೀ ಮಹಡಿಯ ಸ್ಪ್ರಿಂಕ್ಲರ್‌ಗಳು ಒಟ್ಟಿಗೆ ಮಳೆ ಸುರಿಸುವುದಿಲ್ಲ. ಬಿಸಿ ತಟ್ಟಿದ್ದು ಮಾತ್ರ ತೆರೆದುಕೊಳ್ಳುತ್ತದೆ. ಸಾಮಾನ್ಯ ಅಳತೆಯ ಒಂದು ಸ್ಪ್ರಿಂಕ್ಲರ್‌ನಿಂದ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ನೀರು ಬೀಳುತ್ತದೆ.

ಇದರ ಹಿಂದೆ ದೊಡ್ಡ ಏರ್ಪಾಡೇ ಇದೆ. ನೆಲದಡಿಯಲ್ಲಿ ಬೆಂಕಿಗೆಂದೇ ಮೀಸಲಾದ ಸಂಪು, ಅದಕ್ಕೆ ಹೊಂದಿಕೊಂಡು ಪಂಪ್ ಕೋಣೆ, ಅಲ್ಲಿಂದ ಮೇಲಕ್ಕೆ ಹೋಗುವ ಕೆಂಪು ಬಣ್ಣದ ದಪ್ಪ ಪೈಪು, ಪ್ರತಿ ಮಹಡಿಯಲ್ಲಿ ಅದರಿಂದ ಕವಲೊಡೆದ ಸಣ್ಣ ಪೈಪುಗಳು. ಎತ್ತರದ ಕಟ್ಟಡ ಎಂದರೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ, 15 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರದ್ದು. ಪಂಪ್ ಕೋಣೆಯಲ್ಲಿ ಸಾಮಾನ್ಯವಾಗಿ ಮೂರು ಪಂಪುಗಳಿರುತ್ತವೆ. ನಿಮಿಷಕ್ಕೆ 2,280 ಲೀಟರ್ ಎತ್ತುವ ವಿದ್ಯುತ್ ಪಂಪ್ ಒಂದು, ಕರೆಂಟ್ ಹೋದಾಗ ಅಷ್ಟೇ ಎತ್ತುವ ಡೀಸೆಲ್ ಪಂಪ್ ಇನ್ನೊಂದು. ಪೈಪಿನಲ್ಲಿ ಒತ್ತಡ ಇಳಿಯದಂತೆ ಕಾಯುವ, ನಿಮಿಷಕ್ಕೆ 180 ಲೀಟರಿನ ಚಿಕ್ಕ ಪಂಪ್ ಮೂರನೆಯದು. ಇದನ್ನು ಜಾಕಿ ಪಂಪ್ ಎನ್ನುತ್ತಾರೆ.

ಇವುಗಳ ಪರೀಕ್ಷೆಯಲ್ಲಿ ಹಲವು ಬಗೆ. ಪಂಪುಗಳನ್ನು ವಾರಕ್ಕೋ ತಿಂಗಳಿಗೋ ಒಮ್ಮೆ ಹೊರದಾರಿ ಮುಚ್ಚಿ ಓಡಿಸುತ್ತಾರೆ. ಆಗ ಪಂಪಿನ ಹೊಟ್ಟೆ ಕಾಯದಿರಲೆಂದು ಸಣ್ಣ ವಾಲ್ವೊಂದು ಸ್ವಲ್ಪ ನೀರನ್ನು ಹೊರಬಿಡುತ್ತಿರುತ್ತದೆ. ಕೆಲವು ಡೀಸೆಲ್ ಎಂಜಿನ್‌ಗಳನ್ನು ತಂಪಾಗಿಡುವುದೂ ಪಂಪಿನ ನೀರೇ. ಅರ್ಧ ಗಂಟೆ ಎಂಜಿನ್ ಓಡಿದರೆ ಅರ್ಧ ಗಂಟೆ ಬೆಚ್ಚನೆಯ ನೀರು ಮೋರಿಗೆ ಹರಿಯುತ್ತಿರುತ್ತದೆ. ಮಹಡಿಯ ಕೊನೆಯಲ್ಲಿ ಒಂದೇ ಸ್ಪ್ರಿಂಕ್ಲರ್ ತೆರೆದಷ್ಟು ನೀರು ಬಿಡುವ ಪರೀಕ್ಷಾ ನಲ್ಲಿ ಇರುತ್ತದೆ. ಅದನ್ನು ತೆರೆದಾಗ ಗಂಟೆ ಬಾರಿಸುತ್ತದೆಯೇ, ಪಂಪ್ ತಾನಾಗಿ ಹೊರಡುತ್ತದೆಯೇ ಎಂದು ನೋಡುತ್ತಾರೆ. ಮುಖ್ಯ ಪೈಪಿನ ಬುಡದ ಎರಡಂಗುಲದ ಡ್ರೈನ್ ವಾಲ್ವನ್ನು ಪೂರ್ತಿ ತೆರೆದು ಒತ್ತಡ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಹಿಂದಿನ ಸಲಕ್ಕಿಂತ ಹೆಚ್ಚು ಇಳಿದಿದ್ದರೆ ದಾರಿಯಲ್ಲೆಲ್ಲೋ ವಾಲ್ವ್ ಅರೆ ಮುಚ್ಚಿದೆ ಅಥವಾ ಪೈಪು ಕಟ್ಟಿಕೊಂಡಿದೆ ಎಂದು ಅರ್ಥ.

ಎಲ್ಲಕ್ಕಿಂತ ಹೆಚ್ಚು ನೀರು ಬೇಡುವುದು ವರ್ಷಕ್ಕೊಮ್ಮೆಯ ಪಂಪ್ ಪರೀಕ್ಷೆ. ಪಂಪ್ ತನ್ನ ಪೂರ್ಣ ಪ್ರಮಾಣದಲ್ಲಿ, ಆಮೇಲೆ ಅದರ ಒಂದೂವರೆ ಪಟ್ಟು ನೀರು ಎತ್ತಿ ತೋರಿಸಬೇಕು. 2,280 ಲೀಟರಿನ ಪಂಪನ್ನು ಐದು ನಿಮಿಷ ಪೂರ್ಣ ಪ್ರಮಾಣದಲ್ಲಿ ಓಡಿಸಿದರೆ 11,400 ಲೀಟರ್. ಒಂದೂವರೆ ಪಟ್ಟಿನಲ್ಲಿ ಇನ್ನೈದು ನಿಮಿಷಕ್ಕೆ 17,100 ಲೀಟರ್. ಒಟ್ಟು 28,500.

ಈ ಅಂಕಿಯ ತೂಕ ಹಳ್ಳಿಯ ಲೆಕ್ಕದಲ್ಲಿ ಬೇಗ ತಿಳಿಯುತ್ತದೆ. ಜಲ ಜೀವನ್ ಮಿಷನ್ ಗ್ರಾಮೀಣ ಭಾಗದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟುಕೊಂಡಿದೆ. 28,500 ಲೀಟರ್ ಎಂದರೆ 518 ಜನರ ಒಂದು ದಿನದ ನೀರು. ಹರಪನಹಳ್ಳಿ ಕಡೆಯ ಒಂದು ತಾಂಡಾ ಅಥವಾ ಕೂಡ್ಲಿಗಿ ಕಡೆಯ ಒಂದು ಹಟ್ಟಿ ಇಡೀ ದಿನ ಕುಡಿದು, ಅಡುಗೆ ಮಾಡಿ, ಮಿಂದು, ಬಟ್ಟೆ ಒಗೆಯುವಷ್ಟು ನೀರು ಒಂದು ಕಟ್ಟಡದ ಒಂದು ಪಂಪಿನ ಹತ್ತು ನಿಮಿಷದ ಪರೀಕ್ಷೆಯಲ್ಲಿ ಹೋಗುತ್ತದೆ. ಅದೇ ಕೋಣೆಯಲ್ಲಿ ಡೀಸೆಲ್ ಪಂಪ್ ತನ್ನ ಸರದಿಗೆ ಕಾದಿರುತ್ತದೆ.

ಕರ್ನಾಟಕದಲ್ಲಿ ಪರೀಕ್ಷೆಯ ನೀರಿನ ಪ್ರಶ್ನೆ ಮೊದಲು ಎದುರಾಗಬೇಕಾದದ್ದು ಬೆಂಗಳೂರಿನಲ್ಲಿ. ಅಲ್ಲಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ, ದಾರಿಯಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಗೆ ನಗರದ ಕೊಳವೆಬಾವಿಗಳು ಸಾಲಾಗಿ ಬತ್ತಿದವು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಾರು ತೊಳೆಯಲು, ಕೈದೋಟಕ್ಕೆ, ಕಾರಂಜಿಗೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ಬಕೆಟ್ಟಿನಲ್ಲಿ ಕಾರು ತೊಳೆದವರಿಗೆ ದಂಡ ಬಿದ್ದ ನಗರದಲ್ಲಿ ಬೆಂಕಿ ಪಂಪಿನ ಪರೀಕ್ಷಾ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವಾದ ಮಾತು.

ಪರೀಕ್ಷೆಯದು ಒಂದು ಬಗೆಯಾದರೆ, ಪೈಪು ಖಾಲಿ ಮಾಡುವುದು ಇನ್ನೊಂದು. ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರು ಸದಾ ತುಂಬಿರುತ್ತದೆ. ಕಚೇರಿಯಲ್ಲಿ ಗೋಡೆ ಸರಿಸಿದರೂ, ಹೊಸ ಬಾಡಿಗೆದಾರ ಬಂದು ಚಾವಣಿ ಬದಲಿಸಿದರೂ, ಒಂದು ಸ್ಪ್ರಿಂಕ್ಲರ್ ತಲೆ ಸೋರಿದರೂ ಆ ಮಹಡಿಯ ನೀರನ್ನು ಬಸಿಯಲೇಬೇಕು. ನೂರು ಮಿಲಿಮೀಟರಿನ ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ, ನೂರೈವತ್ತರದ್ದು ಸುಮಾರು 18. ಅರವತ್ತು ಮೀಟರ್ ಎತ್ತರದ ಮುಖ್ಯ ಪೈಪನ್ನು ಪೂರ್ತಿ ಇಳಿಸಿದರೆ ಸಾವಿರ ಲೀಟರಿಗೂ ಮೇಲೆ. ಒಂದು ಮಹಡಿಯ ಕವಲುಗಳಲ್ಲಿ ಕೆಲವು ನೂರು ಲೀಟರ್ ಇರಬಹುದು. ಒಂದು ಸಲದ ಲೆಕ್ಕಕ್ಕೆ ಇದು ಚಿಕ್ಕದೇ. ಆದರೆ ಕಚೇರಿ ಕಟ್ಟಡಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಮಹಡಿಯಲ್ಲಿ ಮರಗೆಲಸ ನಡೆದೇ ಇರುತ್ತದೆ.

ಹಾಗಾದರೆ ಈ ನೀರು ಎಂಥದ್ದು? ಮರುಬಳಕೆಯ ಮಾತೆಲ್ಲ ನಿಲ್ಲುವುದು ಇದರ ಉತ್ತರದ ಮೇಲೆ. ಪಂಪ್ ಪರೀಕ್ಷೆಯ ನೀರು ಈಗಷ್ಟೇ ಸಂಪಿನಿಂದ ಎದ್ದು ಬಂದದ್ದು. ಸಂಪಿನ ನೀರು ಹೇಗಿದೆಯೋ ಹೆಚ್ಚೂಕಡಿಮೆ ಹಾಗೆಯೇ ಇರುತ್ತದೆ. ಸ್ಪ್ರಿಂಕ್ಲರ್ ಪೈಪಿನಿಂದ ಬಸಿದ ನೀರಿನ ಕಥೆ ಬೇರೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಬ್ಬಿಣದ ಪೈಪಿನಲ್ಲಿ ಮಿಸುಕದೆ ನಿಂತ ನೀರು ಅದು. ವಾಲ್ವ್ ತೆರೆದಾಗ ಮೊದಲು ಮಸಿಯಂತೆ ಕಪ್ಪಗೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ನೀರಿನಲ್ಲಿದ್ದ ಆಮ್ಲಜನಕವನ್ನು ತುಕ್ಕು ತಿಂದು ಮುಗಿಸಿದ ಮೇಲೆ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ವಾಸನೆ ಅದರದು, ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು. ಜೊತೆಗೆ ಪೈಪಿನ ತುದಿಗೆ ತಿರುಪು ಕೊರೆಯುವಾಗ ಹಾಕಿದ ಎಣ್ಣೆ, ಸತುವಿನ ಲೇಪದ ಅಂಶ, ತುಕ್ಕಿನ ಹಕ್ಕಳೆ ಇರುತ್ತವೆ. ಸ್ವಲ್ಪ ಹೊತ್ತು ಹರಿದ ಮೇಲೆ ನೀರು ತಿಳಿಯಾಗುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡಿತೆಂದು ಬಾಯಿಗೆ ಯೋಗ್ಯವಾಗುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳೆಯ ನೀರನ್ನು ಬಸಿದು ಹೊಸ ನೀರು ತುಂಬಿದರೆ ಪೈಪಿಗೆ ಒಳ್ಳೆಯದೆಂದು ಅನೇಕರು ತಿಳಿದಿದ್ದಾರೆ. ಆಗುವುದು ತದ್ವಿರುದ್ಧ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಬರುತ್ತದೆ, ತುಕ್ಕು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಅಗತ್ಯವಿಲ್ಲದೆ ಬಸಿಯದಿರುವುದು ನೀರಿಗೂ ಒಳ್ಳೆಯದು, ಪೈಪಿಗೂ ಒಳ್ಳೆಯದು. ಪ್ರತಿ ಮಹಡಿಗೂ ಬೇರೆ ವಾಲ್ವ್ ಇದ್ದರೆ ಆರನೆಯ ಮಹಡಿಯ ಒಂದು ತಲೆ ಬದಲಿಸಲು ಇಡೀ ಕಟ್ಟಡದ ನೀರನ್ನು ಇಳಿಸಬೇಕಾಗಿಲ್ಲ. ಆಸ್ಟ್ರೇಲಿಯಾ 1997ರಿಂದ 2009ರವರೆಗೆ ದೀರ್ಘ ಬರ ಕಂಡ ದೇಶ. ಅಲ್ಲಿನ ಹಸಿರು ಕಟ್ಟಡ ಮಾನದಂಡವಾದ ಗ್ರೀನ್ ಸ್ಟಾರ್ ಬೆಂಕಿ ವ್ಯವಸ್ಥೆಯ ನೀರಿಗೆಂದೇ ಪ್ರತ್ಯೇಕ ಅಂಕ ಇಟ್ಟಿತ್ತು. ಅದು ಕೇಳಿದ್ದು ಎರಡನ್ನು: ಪರೀಕ್ಷೆಯ ಮತ್ತು ಬಸಿದ ನೀರಿನ ಶೇಕಡಾ 80ರಷ್ಟನ್ನಾದರೂ ಹಿಡಿದಿಟ್ಟು ಅಲ್ಲೇ ಬಳಸುವ ತೊಟ್ಟಿ, ಮತ್ತು ಮಹಡಿಗೊಂದು ವಾಲ್ವ್. ಇಲ್ಲಿ ಅನುಸರಿಸಲು ಇದಕ್ಕಿಂತ ಸರಳವಾದ ಮಾದರಿ ಬೇಕಾಗಿಲ್ಲ.

ನೀರು ಉಳಿಸುವ ಅತಿ ಸುಲಭದ ದಾರಿ ಪಂಪ್ ಪರೀಕ್ಷೆಯ ನೀರನ್ನು ಬಂದ ಸಂಪಿಗೇ ಮರಳಿಸುವುದು. ಪಂಪಿನ ಹೊರದಾರಿಯಿಂದ ಒಂದು ಪೈಪು ತೆಗೆದು, ನಡುವೆ ನೀರಿನ ಮೀಟರ್ ಕೂರಿಸಿ, ಅದರ ತುದಿಯನ್ನು ಸಂಪಿಗೆ ಇಳಿಬಿಟ್ಟರೆ ಮುಗಿಯಿತು. 28,500 ಲೀಟರ್ ಒಂದು ಸುತ್ತು ಹೊಡೆದು ಸ್ವಸ್ಥಾನಕ್ಕೆ ಬರುತ್ತದೆ. ಇದರಲ್ಲಿ ಎರಡು ಎಚ್ಚರ ಬೇಕು. ಮರಳುವ ನೀರು ಪಂಪ್ ಹೀರುವ ಬಾಯಿಯ ಹತ್ತಿರವೇ ಬೀಳಬಾರದು, ಬಿದ್ದರೆ ಗಾಳಿಯ ಗುಳ್ಳೆಗಳು ಪಂಪಿನೊಳಗೆ ಹೋಗುತ್ತವೆ. ಪೈಪು ಉಳಿಸಲೆಂದು ನೀರನ್ನು ಸಂಪಿಗೆ ಬಿಡದೆ ನೇರವಾಗಿ ಹೀರುವ ಪೈಪಿಗೇ ಜೋಡಿಸುವ ರೂಢಿಯೂ ಕೆಲವೆಡೆ ಇದೆ. ಹಾಗೆ ಮಾಡಿದರೆ ಅದೇ ನೀರು ಅಲ್ಲೇ ಗಿರಕಿ ಹೊಡೆಯುತ್ತದೆ. ಸಂಪಿನಿಂದ ಪಂಪಿಗೆ ಬರುವ ದಾರಿ ಕಟ್ಟಿಕೊಂಡಿದ್ದರೂ ಪರೀಕ್ಷೆ ಪಾಸಾಗಿಬಿಡುತ್ತದೆ. ನೀರು ಉಳಿಯಿತು, ಪರೀಕ್ಷೆ ಸುಳ್ಳಾಯಿತು. ಅಂಥ ಉಳಿತಾಯ ಯಾರಿಗೂ ಬೇಡ.

ಸ್ಪ್ರಿಂಕ್ಲರ್ ಪೈಪಿನಿಂದ ಬಸಿದ ಕಪ್ಪು ನೀರನ್ನು ಅದೇ ಸಂಪಿಗೆ ಬಿಡಬಹುದೇ? ಬಿಡಬಾರದು. ಇದಕ್ಕೆ ಕಾರಣ ಭಾರತದ ಕಟ್ಟಡ ಸಂಹಿತೆಯಲ್ಲೇ ಇರುವ ಒಂದು ಜಾಣತನ. ಬೆಂಕಿಗೆ ಮೀಸಲಾದ ನೀರು ನಿಂತಲ್ಲೇ ನಿಂತು ಕೆಡಬಾರದೆಂದು ಸಂಹಿತೆ ಒಂದು ಉಪಾಯ ಹೇಳಿದೆ: ಹೊರಗಿನಿಂದ ಬರುವ ನೀರು ಮೊದಲು ಬೆಂಕಿ ಸಂಪಿಗೆ ಬೀಳಬೇಕು, ಅದು ತುಂಬಿ ಕೋಡಿ ಹರಿದದ್ದು ಮಾತ್ರ ಮನೆಬಳಕೆಯ ಸಂಪಿಗೆ ಹೋಗಬೇಕು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ಮೇಲೆ ಕೆಳಗಿನ ಕೆರೆಗೆ ನೀರು ಸಿಗುವ ಹಾಗೆ. ಇದರಿಂದ ಬೆಂಕಿ ಸಂಪು ಸದಾ ತುಂಬಿರುತ್ತದೆ, ನೀರೂ ಹೊಸದಾಗುತ್ತಿರುತ್ತದೆ. ಆದರೆ ಮೇಲಿನ ಕೆರೆಗೆ ಹೊಲಸು ಬಿದ್ದರೆ ಕೆಳಗಿನದೂ ಕೆಡುತ್ತದೆ. ಬೆಂಕಿ ಸಂಪಿಗೆ ಪೈಪಿನ ಕಪ್ಪು ನೀರು ಬಿಟ್ಟರೆ ಅದು ಕೋಡಿಯ ಮೂಲಕ ನಲ್ಲಿಗೆ, ನಲ್ಲಿಯಿಂದ ಅಡುಗೆಮನೆಗೆ ತಲುಪುತ್ತದೆ. ಆದ್ದರಿಂದ ಮರಳಿಸಬಹುದಾದದ್ದು ಪಂಪ್ ಕೋಣೆಯೊಳಗಿನ ಸಣ್ಣ ಸುತ್ತಿನ ನೀರು ಮಾತ್ರ. ಮಹಡಿಗಳಿಂದ ಇಳಿಯುವ ನೀರಿಗೆ ಬೇರೆಯದೇ ತೊಟ್ಟಿ ಬೇಕು.

ಆ ತೊಟ್ಟಿ ದೊಡ್ಡದಾಗಿರಬೇಕೆಂದೇನೂ ಇಲ್ಲ. ಎಲ್ಲ ಮಹಡಿಗಳ ಪರೀಕ್ಷಾ ನಲ್ಲಿಗಳನ್ನೂ ಡ್ರೈನ್‌ಗಳನ್ನೂ ಒಂದೇ ಇಳಿಪೈಪಿಗೆ ಸೇರಿಸಿ, ಕೆಳಗೆ ಕೆಲವು ಸಾವಿರ ಲೀಟರಿನ ತೊಟ್ಟಿಗೆ ಬಿಟ್ಟರೆ ಸಾಕು. ಇಳಿಪೈಪಿನ ತುದಿ ತೊಟ್ಟಿಯ ನೀರನ್ನು ಮುಟ್ಟಬಾರದು. ನಡುವೆ ಗಾಳಿಯ ಅಂತರ ಇರಬೇಕು, ಕನಿಷ್ಠ ಪೈಪಿನ ಬಾಯಿಯ ಎರಡರಷ್ಟು. ಮೊದಲು ಬರುವ ಕಪ್ಪು ನೀರನ್ನು ಪಕ್ಕದ ವಾಲ್ವಿನಿಂದ ಕಟ್ಟಡದ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಬಿಡಬಹುದು. ಹೊಸ ಮಳೆಯ ಮೊದಲ ನೀರನ್ನು ಸಂಪಿಗೆ ಬಿಡದೆ ಹೊರಹಾಕುತ್ತಾರಲ್ಲ, ಅದೇ ಕ್ರಮ. ನಂತರದ ನೀರು ತೊಟ್ಟಿಯಲ್ಲಿ ಒಂದು ದಿನ ನಿಂತರೆ ತುಕ್ಕು ತಳಕ್ಕಿಳಿಯುತ್ತದೆ. ಮೇಲಿನ ತಿಳಿನೀರು ಸರಳ ಮರಳು ಸೋಸುಗವನ್ನು ದಾಟಿ ಶೌಚಾಲಯದ ಫ್ಲಶ್‌ಗೆ, ಪಾರ್ಕಿಂಗ್ ನೆಲ ತೊಳೆಯಲು ಹೋಗಬಹುದು.

ಗಿಡಗಳಿಗೆ? ಹಾಕಬಹುದು, ಆದರೆ ಡ್ರಿಪ್ ಪೈಪಿನಲ್ಲಿ ಬೇಡ. ಕಬ್ಬಿಣದ ಅಂಶವಿರುವ ಕೊಳವೆಬಾವಿ ನೀರು ಡ್ರಿಪ್‌ನ ಸಣ್ಣ ತೂತುಗಳನ್ನು ಹೇಗೆ ಕಟ್ಟಿಬಿಡುತ್ತದೆಂದು ದಾಳಿಂಬೆ ಬೆಳೆಯುವ ರೈತರನ್ನು ಕೇಳಿದರೆ ಸಾಕು. ಪೈಪಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದ ನೀರು ಅದಕ್ಕಿಂತ ಕೆಟ್ಟದ್ದು. ಎಸಿ ಯಂತ್ರಗಳ ಕೂಲಿಂಗ್ ಟವರಿಗೂ ಹಾಗೇ ಬಿಡುವಂತಿಲ್ಲ, ಕಬ್ಬಿಣ ಅಲ್ಲಿ ಕಿಟ್ಟವಾಗಿ ಕೂರುತ್ತದೆ. ಇಂಗುಗುಂಡಿಗೆ, ಬತ್ತಿದ ಕೊಳವೆಬಾವಿಗೆ ಈ ನೀರು ಬಿಡುವುದಂತೂ ದೊಡ್ಡ ತಪ್ಪು. ಮೇಲೆ ಹರಿದ ಹೊಲಸನ್ನು ತೊಳೆಯಬಹುದು, ಅಂತರ್ಜಲಕ್ಕೆ ಇಳಿದದ್ದನ್ನು ತೆಗೆಯುವ ದಾರಿಯಿಲ್ಲ. ಎಣ್ಣೆ, ಪೆಟ್ರೋಲ್ ಇರುವ ಕಡೆ ಬೆಂಕಿಗೆ ನೊರೆ ಬಳಸುತ್ತಾರೆ. ಅಂಥ ವ್ಯವಸ್ಥೆಯ ನೀರನ್ನು ಯಾವ ಕೆಲಸಕ್ಕೂ ಬಳಸಬಾರದು. ಹಲವು ನೊರೆಗಳಲ್ಲಿ ನಿಸರ್ಗದಲ್ಲಿ ವಿಘಟನೆಯಾಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳಿರುತ್ತವೆ.

ನೀರು ಉಳಿಸಲು ಪರೀಕ್ಷೆಯನ್ನೇ ಕೈಬಿಟ್ಟರೇನು ಎಂಬ ಯೋಚನೆ ಕಟ್ಟಡ ನಿರ್ವಹಿಸುವವರಿಗೆ ಬರುವುದುಂಟು, ಬೇಸಿಗೆಯಲ್ಲಿ ಟ್ಯಾಂಕರ್ ಬಿಲ್ ನೋಡಿದಾಗ ಹೆಚ್ಚು. ಅವರು ಒಂದು ಘಟನೆ ನೆನೆಯಬೇಕು: 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಎತ್ತರದ ಕಟ್ಟಡದಲ್ಲಿ ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ. ಬೆಂಕಿ ಚಿಕ್ಕದಿದ್ದಾಗಲೇ, ಹೊಗೆ ತುಂಬುವ ಮೊದಲೇ ನೀರು ಬೀಳಬೇಕು, ಸ್ಪ್ರಿಂಕ್ಲರ್ ಇರುವುದೇ ಅದಕ್ಕೆ. ಪರೀಕ್ಷೆ ಕಾಣದ ಸ್ಪ್ರಿಂಕ್ಲರನ್ನು ನಂಬಿ ಹತ್ತನೆಯ ಮಹಡಿಯಲ್ಲಿ ಮಕ್ಕಳನ್ನು ಮಲಗಿಸುವುದು ಸಲ್ಲದು. ಪರೀಕ್ಷೆಯ ಪಟ್ಟಿಯಿಂದ ಒಂದು ಸಾಲನ್ನೂ ತೆಗೆಯದೆ ನೀರು ಉಳಿಸಬೇಕು, ಹಾಗೆ ಉಳಿಸಲು ಸಾಧ್ಯವೂ ಇದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿದ ತಾಲ್ಲೂಕುಗಳು ಇವೇ. ಬೆಂಗಳೂರಿನಂಥ ಗೋಪುರಗಳು ಇಲ್ಲಿಲ್ಲ. ಇಲ್ಲಿಂದ ಗುಳೆ ಹೋದವರು ಮಾತ್ರ ಆ ಗೋಪುರಗಳ ಪಾಯ ಅಗೆದಿದ್ದಾರೆ. ಆದರೂ ಈ ವಿಷಯ ಇಲ್ಲಿಗೆ ದೂರದ್ದಲ್ಲ. ಸ್ಪ್ರಿಂಕ್ಲರ್ ಬೇಕೋ ಬೇಡವೋ ಎಂಬುದು ಎತ್ತರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕಟ್ಟಡದ ಬಳಕೆ, ವಿಸ್ತೀರ್ಣ, ನೆಲಮಾಳಿಗೆ ಇವೂ ಲೆಕ್ಕಕ್ಕೆ ಬರುತ್ತವೆ. ಆಸ್ಪತ್ರೆ, ದೊಡ್ಡ ಬಟ್ಟೆ ಅಂಗಡಿ, ಲಾಡ್ಜ್, ನೆಲಮಾಳಿಗೆಯಲ್ಲಿ ವಾಹನ ನಿಲ್ಲಿಸುವ ವಾಣಿಜ್ಯ ಸಂಕೀರ್ಣ ತಾಲ್ಲೂಕು ಕೇಂದ್ರಗಳಿಗೂ ಬರುತ್ತಿವೆ, ಅವುಗಳ ಜೊತೆ ಬೆಂಕಿ ಸಂಪೂ ಬರುತ್ತದೆ.

ಇಲ್ಲಿ ಮಳೆ ಕಡಿಮೆ. ತುಂಗಭದ್ರೆ ಹಡಗಲಿಯ ಅಂಚಿನಲ್ಲಿ ಹರಿದರೂ ಕೂಡ್ಲಿಗಿಯಂಥ ಮೇಲಿನ ನೆಲಕ್ಕೆ ಅವಳ ನೀರನ್ನು ಎತ್ತಿಯೇ ತರಬೇಕು. ಅಂಥ ಕಡೆ 50,000 ಲೀಟರಿನ ಬೆಂಕಿ ಸಂಪನ್ನು ತೊಳೆಯಲೆಂದು ವರ್ಷಕ್ಕೊಮ್ಮೆ ಚರಂಡಿಗೆ ಖಾಲಿ ಮಾಡುವುದು ನೋಡಿ ಸುಮ್ಮನಿರುವ ಮಾತಲ್ಲ. 4,500 ಲೀಟರ್ ಹಿಡಿಯುವ ಅಗ್ನಿಶಾಮಕ ವಾಹನವನ್ನು ಅಷ್ಟು ನೀರಿನಿಂದ ಹನ್ನೊಂದು ಸಲ ತುಂಬಿಸಬಹುದು. ಸಂಪಿನಿಂದ ವಾಹನ ನೀರೆಳೆದುಕೊಳ್ಳುವ ಜೋಡಣೆ ಇರಬೇಕೆಂದು ಸಂಹಿತೆಯೇ ಹೇಳುತ್ತದೆ. ಬೇಸಿಗೆಯಲ್ಲಿ ಬಣವೆಗಳಿಗೆ ಬೆಂಕಿ ಬೀಳುವ ಸೀಮೆ ಇದು. ಸಂಪು ತೊಳೆಯುವ ದಿನವನ್ನು ಮೊದಲೇ ಗೊತ್ತುಮಾಡಿ ಅಗ್ನಿಶಾಮಕ ಠಾಣೆಗೆ ತಿಳಿಸಿದರೆ ಮೇಲಿನ ತಿಳಿನೀರು ವಾಹನಕ್ಕೋ ರಸ್ತೆ ಬದಿಯ ಸಸಿಗಳಿಗೋ ಹೋಗುತ್ತದೆ, ತಳದ ಕೆಸರು ಮಾತ್ರ ಚರಂಡಿಗೆ ಉಳಿಯುತ್ತದೆ. ಸಂಪನ್ನು ಎರಡು ಭಾಗವಾಗಿ ಕಟ್ಟಿದ್ದರೆ ಇನ್ನೂ ಒಳ್ಳೆಯದು: ಒಂದನ್ನು ತೊಳೆಯುವಾಗ ಇನ್ನೊಂದರಲ್ಲಿ ನೀರಿರುತ್ತದೆ, ಕಟ್ಟಡ ಒಂದು ದಿನವೂ ಕಾವಲಿಲ್ಲದೆ ಇರುವುದಿಲ್ಲ.

ಹಳೆಯ ಕಟ್ಟಡಕ್ಕೆ ಇದನ್ನೆಲ್ಲ ಸೇರಿಸುವುದು ಕಷ್ಟ. ನೆಲ ಒಡೆಯಬೇಕು, ಮಹಡಿಗಳ ನಡುವೆ ಪೈಪಿಗೆ ಜಾಗ ಹುಡುಕಬೇಕು. ಅಂಥಲ್ಲಿ ಪಂಪ್ ಕೋಣೆಯಲ್ಲಿ ನೀರು ಮರಳಿಸುವ ಪೈಪು ಒಂದನ್ನಾದರೂ ಹಾಕಿಸಬಹುದು, ಹೆಚ್ಚಿನ ನೀರು ಹೋಗುವುದೂ ಅಲ್ಲೇ. ಹೊಸ ಕಟ್ಟಡಕ್ಕೆ ಇದು ನಕ್ಷೆಯಲ್ಲಿ ಎರಡು ಗೆರೆ: ಪಂಪಿನಿಂದ ಸಂಪಿಗೆ ಒಂದು, ಮಹಡಿಗಳ ಡ್ರೈನಿನಿಂದ ಬೇರೆ ತೊಟ್ಟಿಗೆ ಇನ್ನೊಂದು. ನಾಳೆ ಹರಪನಹಳ್ಳಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ನೆಲಮಾಳಿಗೆ ಅಗೆಸುವವರು ಪರೀಕ್ಷೆಯ ನೀರು ಎಲ್ಲಿಗೆ ಬೀಳುತ್ತದೆ ಎಂದು ಎಂಜಿನಿಯರನ್ನೂ ಪ್ಲಂಬರನ್ನೂ ಕೇಳಬೇಕು. ಕಾಂಕ್ರೀಟು ಬೀಳುವ ಮೊದಲೇ ಕೇಳಬೇಕು.